ಒಂದು ಚೈನಿನಿಂದ ಇನ್ನೊಂದಕ್ಕೆ ಹಣ ದಾಟಿಸುವುದು: ಯಾವ ಬ್ರಿಡ್ಜ್ ಯಾರಿಗೆ ಸರಿ?

ಕ್ರಿಪ್ಟೋ ನಾಣ್ಯಗಳ ಲೆಕ್ಕ ಇಡುವ ಬ್ಲಾಕ್‌ಚೈನ್‌ಗಳು ಹಲವು ಇವೆ. ಒಂದರಿಂದ ಇನ್ನೊಂದಕ್ಕೆ ಹಣ ದಾಟಿಸುವ ವ್ಯವಸ್ಥೆಗೆ ಬ್ರಿಡ್ಜ್ ಎನ್ನುತ್ತಾರೆ. ಈ ಬಗ್ಗೆ ಕಳೆದ ತಿಂಗಳು ಮೂರು ಪ್ರಶ್ನೆಗಳು ಬಂದವು. ಮೂರೂ ಕಾಸರಗೋಡಿನ ಕಡೆಯವರದ್ದೇ.

ಪೆರ್ಲದ ಒಬ್ಬ ಹುಡುಗನ ಬಳಿ ಆರ್ಬಿಟ್ರಮ್ ಎಂಬ ಚೈನಿನಲ್ಲಿ ಸುಮಾರು ಮೂರು ಲಕ್ಷ ರೂಪಾಯಿಯ ಈಥರ್ ನಾಣ್ಯ ಇದೆ. ಅದನ್ನು ಇಥೀರಿಯಂ ಚೈನಿಗೆ ತರಬೇಕು. "ಯಾವ ಬ್ರಿಡ್ಜ್ ಒಳ್ಳೆಯದು ಮಾವ?" ಎಂದು ಕೇಳಿದ. ದುಬೈಯಲ್ಲಿರುವ ಉಪ್ಪಳದ ಗೆಳೆಯನಿಗೆ ಬೇಸ್ ಚೈನಿನಲ್ಲಿರುವ ಐವತ್ತು ಡಾಲರಿನ ಯುಎಸ್‌ಡಿಸಿಯನ್ನು (ಒಂದಕ್ಕೆ ಒಂದು ಡಾಲರ್ ಎಂದು ಹೊರಡಿಸುವ ನಾಣ್ಯ) ಸೊಲಾನಾ ಚೈನಿಗೆ ಕಳಿಸಬೇಕಿತ್ತು. ಬದಿಯಡ್ಕದ ಒಬ್ಬರದು ಬೇರೆ ಚಿಂತೆ. ಯಾವುದೋ ಸಣ್ಣ ಚೈನಿನಲ್ಲಿ ಬಡ್ಡಿ ಜಾಸ್ತಿ ಸಿಗುತ್ತದಂತೆ, ಅಲ್ಲಿಗೆ ಹಣ ದಾಟಿಸಿ ಆರು ತಿಂಗಳು ಇಡಬಹುದಾ ಎಂದು ಅವರು ಕೇಳಿದರು.

ಮೂವರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಏನು ನೋಡಬೇಕು

ಬ್ರಿಡ್ಜ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಚಂದ್ರಗಿರಿ ಸೇತುವೆ ದಾಟಿದರೆ ನಾವೇ ಆಚೆ ದಡಕ್ಕೆ ಹೋಗುತ್ತೇವೆ. ಕ್ರಿಪ್ಟೋ ಬ್ರಿಡ್ಜ್‌ನಲ್ಲಿ ನಿಮ್ಮ ನಾಣ್ಯ ಎಲ್ಲಿಗೂ ಹೋಗುವುದಿಲ್ಲ. ಈಚೆ ಒಂದು ಪೆಟ್ಟಿಗೆಯಲ್ಲಿ ಅದನ್ನು ಬೀಗ ಹಾಕಿ ಇಡುತ್ತಾರೆ, ಇಲ್ಲವೇ ಸುಟ್ಟು ಹಾಕುತ್ತಾರೆ, ಅಂದರೆ ಲೆಕ್ಕದಿಂದ ಶಾಶ್ವತವಾಗಿ ಅಳಿಸುತ್ತಾರೆ. ಆಚೆ ನಿಮಗೆ ಬೇರೆಯದನ್ನು ಕೊಡುತ್ತಾರೆ. ಎರಡು ಚೈನುಗಳಿಗೂ ಪರಸ್ಪರ ಕಣ್ಣು ಕಾಣುವುದಿಲ್ಲ. "ಈಚೆ ಹಣ ಬಂತು, ಆಚೆ ಕೊಡಿ" ಎಂದು ಯಾರಾದರೂ ಸಾಕ್ಷಿ ಹೇಳಲೇಬೇಕು.

ಆದ್ದರಿಂದ ನನ್ನ ಮೊದಲ ಪ್ರಶ್ನೆ ಸಾಕ್ಷಿ ಯಾರು ಎನ್ನುವುದು. ಒಬ್ಬನೇ, ಐದು ಜನರೇ, ಅಥವಾ ಚೈನಿನ ಲೆಕ್ಕವೇ ಸಾಕ್ಷಿಯೇ? ಎರಡನೆಯದು, ಆಚೆ ದಡದಲ್ಲಿ ನನ್ನ ಕೈಗೆ ಬರುವುದು ಅಸಲಿ ನಾಣ್ಯವೋ, ಚೀಟಿಯೋ? ಮೂರನೆಯದು, ಬೇಕಾದಾಗ ವಾಪಸ್ ಬರಲು ಆಗುತ್ತದಾ, ಅಂದರೆ ಆಚೆ ಸಾಕಷ್ಟು ಹಣ ಇದೆಯಾ? ಸಮಯ, ಶುಲ್ಕ ಎಲ್ಲ ಆಮೇಲಿನ ಮಾತು. ಹೆಚ್ಚಿನವರು ಶುಲ್ಕದಿಂದ ಶುರು ಮಾಡುತ್ತಾರೆ. ಎಡವಟ್ಟು ಆಗುವುದು ಅಲ್ಲೇ.

ಈ ಚೀಟಿಯ ವಿಷಯ ನಮ್ಮ ಊರಿನವರಿಗೆ ಬೇಗ ಅರ್ಥವಾಗುತ್ತದೆ. ಹತ್ತು ಗೋಣಿ ಚಾಲಿ ಅಡಿಕೆಯನ್ನು ವ್ಯಾಪಾರಿಯ ಗೋದಾಮಿನಲ್ಲಿ ಇಟ್ಟು ಚೀಟಿ ಬರೆಸಿಕೊಂಡಿರಿ ಎಂದುಕೊಳ್ಳಿ. ಗೋದಾಮಿನಲ್ಲಿ ಅಡಿಕೆ ಇರುವಷ್ಟು ದಿನ ಆ ಚೀಟಿಗೆ ಅಡಿಕೆಯ ಬೆಲೆ. ರಾತ್ರಿ ಗೋದಾಮಿಗೆ ಕಳ್ಳ ನುಗ್ಗಿದರೆ ಚೀಟಿ ನಿಮ್ಮ ಕಿಸೆಯಲ್ಲಿ ಭದ್ರವಾಗಿಯೇ ಇರುತ್ತದೆ, ಬೆಲೆ ಮಾತ್ರ ಹೋಗಿರುತ್ತದೆ. ಕ್ರಿಪ್ಟೋದಲ್ಲಿ 'ವ್ರ್ಯಾಪ್ಡ್' ಟೋಕನ್ ಎಂದರೆ ಇದೇ ಚೀಟಿ.

ಬೀಗ ಹಾಕಿ ಚೀಟಿ ಕೊಡುವ ಬ್ರಿಡ್ಜ್

ಅತ್ಯಂತ ಹಳೆಯ, ಅತ್ಯಂತ ಹೆಚ್ಚು ಹಣ ಕಳೆದುಕೊಂಡಿರುವ ವಿಧಾನ ಇದು. ಕಾರಣ ಸರಳ. ಎಲ್ಲರ ಹಣವೂ ಒಂದೇ ಪೆಟ್ಟಿಗೆಯಲ್ಲಿ ಸೇರುತ್ತದೆ. ಕಳ್ಳನಿಗೆ ಬೇರೆ ಕಡೆ ಹುಡುಕುವ ಕೆಲಸವೇ ಇಲ್ಲ.

2022ರ ಫೆಬ್ರವರಿಯಲ್ಲಿ ವರ್ಮ್‌ಹೋಲ್ ಬ್ರಿಡ್ಜ್‌ನಲ್ಲಿ ಸಹಿ ಪರಿಶೀಲಿಸುವ ಕೋಡ್‌ನಲ್ಲಿ ತಪ್ಪಿತ್ತು. ಈಚೆ ಏನೂ ಇಡದೆಯೇ ಸೊಲಾನಾದಲ್ಲಿ 1,20,000 ಈಥರ್‌ನ ಚೀಟಿ ಬರೆಸಿಕೊಂಡರು. ಆಗಿನ ಬೆಲೆ 32 ಕೋಟಿ ಡಾಲರ್‌ಗೂ ಮಿಕ್ಕಿ. ಜಂಪ್ ಕ್ರಿಪ್ಟೋ ಎಂಬ ಕಂಪನಿ ಕೈಯಿಂದ ಹಾಕಿ ತುಂಬಿಸಿದ್ದರಿಂದ ಬಳಕೆದಾರರು ಉಳಿದರು.

ಮುಂದಿನ ತಿಂಗಳೇ ರೋನಿನ್ ಚೈನಿನ ಬ್ರಿಡ್ಜ್. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂಬತ್ತು ವ್ಯಾಲಿಡೇಟರ್‌ಗಳಲ್ಲಿ, ಅಂದರೆ ಸಾಕ್ಷಿದಾರರಲ್ಲಿ, ಐವರು ಸಹಿ ಹಾಕಿದರೆ ಹಣ ಹೊರಗೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಸಹಿ ಹಾಕಲು ಬೇಕಾದ ಗುಪ್ತ ಕೀಗಳಲ್ಲಿ ನಾಲ್ಕು ಒಂದೇ ಕಂಪನಿಯ ಕೈಯಲ್ಲಿ ಇದ್ದವು. ಐದನೆಯ ಸಹಿಗೆ 2021ರ ನವೆಂಬರ್‌ನಲ್ಲಿ ಕೆಲಸದ ಒತ್ತಡ ಇದ್ದಾಗ ಅದೇ ಕಂಪನಿಗೆ ತಾತ್ಕಾಲಿಕ ಅನುಮತಿ ಕೊಟ್ಟಿದ್ದರು. ಒತ್ತಡ ಮುಗಿಯಿತು, ಅನುಮತಿ ವಾಪಸ್ ತೆಗೆಯಲಿಲ್ಲ. ಕಂಪನಿಯೊಳಗೆ ನುಗ್ಗಿದವರಿಗೆ ಐದೂ ಸಿಕ್ಕಿತು. 1,73,600 ಈಥರ್ ಮತ್ತು 2.55 ಕೋಟಿ ಯುಎಸ್‌ಡಿಸಿ ಹೋಯಿತು, ಒಟ್ಟು ಸುಮಾರು 62 ಕೋಟಿ ಡಾಲರ್. ಆರು ದಿನ ಯಾರಿಗೂ ಗೊತ್ತಾಗಲಿಲ್ಲ. ಒಬ್ಬ ಬಳಕೆದಾರ 5,000 ಈಥರ್ ತೆಗೆಯಲು ಹೋಗಿ ಬಾರದಿದ್ದಾಗ ವಿಷಯ ಹೊರಬಿತ್ತು. ಉತ್ತರ ಕೊರಿಯಾದ ಲಾಜರಸ್ ತಂಡದ ಕೆಲಸ ಎಂದು ಅಮೆರಿಕದ ಎಫ್‌ಬಿಐ ಹೇಳಿತು.

ಅದೇ ವರ್ಷ ಜೂನ್‌ನಲ್ಲಿ ಹಾರ್ಮನಿಯ ಹೊರೈಜನ್ ಬ್ರಿಡ್ಜ್‌ನಿಂದ ಸುಮಾರು 10 ಕೋಟಿ ಡಾಲರ್ ಹೋಯಿತು. ಅಲ್ಲಿ ಐದರಲ್ಲಿ ಎರಡೇ ಸಹಿ ಸಾಕಿತ್ತು. ಆಗಸ್ಟ್‌ನಲ್ಲಿ ನೊಮಾಡ್‌ನ ಒಂದು ಅಪ್‌ಗ್ರೇಡ್‌ನಲ್ಲಿ ತಪ್ಪಾಗಿ, ಸಾಬೀತಾಗದ ಸಂದೇಶವನ್ನೂ ಬ್ರಿಡ್ಜ್ ಒಪ್ಪತೊಡಗಿತು. ಮೊದಲನೆಯವನು ಮಾಡಿದ್ದನ್ನು ನಕಲು ಮಾಡಿ, ತಮ್ಮ ವಿಳಾಸ ಹಾಕಿ, ನೂರಾರು ವಿಳಾಸಗಳಿಂದ ಜನ ಬಾಚಿಕೊಂಡರು. 19 ಕೋಟಿ ಡಾಲರ್ ಕೆಲವೇ ಗಂಟೆಗಳಲ್ಲಿ ಖಾಲಿ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಪಾಠ ಕಲಿಸಿದ್ದು ಮಲ್ಟಿಚೈನ್. ಬಹಳ ಜನ ನಂಬಿದ್ದ ದೊಡ್ಡ ಬ್ರಿಡ್ಜ್ ಅದು. 2023ರ ಮೇಯಲ್ಲಿ ಅದರ ಮುಖ್ಯಸ್ಥನನ್ನು ಚೀನಾದ ಪೊಲೀಸರು ಹಿಡಿದುಕೊಂಡು ಹೋದರು. ಕೀಗಳನ್ನು ಹಂಚಿ ಇಟ್ಟಿದ್ದೇವೆ ಎಂಬ ಭರವಸೆ ಇತ್ತು. ನಿಜದಲ್ಲಿ ಎಲ್ಲವೂ ಆ ಒಬ್ಬನ ಖಾತೆಯ ಕೆಳಗೇ ಓಡುತ್ತಿತ್ತು. ಜುಲೈಯಲ್ಲಿ 12 ಕೋಟಿ ಡಾಲರ್‌ಗೂ ಹೆಚ್ಚು ಹಣ ಹೊರಗೆ ಹರಿಯಿತು. ಫ್ಯಾಂಟಮ್ ಚೈನಿನಲ್ಲಿ ಜನ ಡಾಲರ್ ಎಂದು ಹಿಡಿದುಕೊಂಡಿದ್ದ ಟೋಕನ್‌ಗಳು ಮಲ್ಟಿಚೈನಿನ ಚೀಟಿಗಳಾಗಿದ್ದವು. ಅವುಗಳ ಬೆಲೆ ಡಾಲರಿನಿಂದ ಕಳಚಿ ಕೆಳಗೆ ಬಿತ್ತು. ಅವರಲ್ಲಿ ಎಷ್ಟೋ ಜನ ಆ ದಿನ ಬ್ರಿಡ್ಜ್ ಬಳಸಿಯೇ ಇರಲಿಲ್ಲ. ತಿಂಗಳುಗಳ ಹಿಂದೆ ದಾಟಿ ಬಂದು ಸುಮ್ನೆ ಇಟ್ಟುಕೊಂಡಿದ್ದರು.

ಬದಿಯಡ್ಕದವರಿಗೆ ನನ್ನ ಉತ್ತರ ಇಲ್ಲೇ ಇದೆ. ದಾಟುವಾಗಿನ ಅಪಾಯ ಹತ್ತು ನಿಮಿಷದ್ದು. ಚೀಟಿ ಹಿಡಿದು ಕೂತರೆ ಅಪಾಯ ಆರು ತಿಂಗಳೂ ಇರುತ್ತದೆ. ಆ ಬಡ್ಡಿ ಜಾಸ್ತಿ ಎಂದು ಕಾಣುವುದು ಈ ಅಪಾಯವನ್ನು ಲೆಕ್ಕ ಹಿಡಿಯದೆ ಇದ್ದಾಗ. ಆ ಚೈನಿನಲ್ಲಿ ಅಸಲಿ ಯುಎಸ್‌ಡಿಸಿ ಇಲ್ಲ, ಚೀಟಿ ಮಾತ್ರ ಸಿಗುತ್ತದೆ ಎಂದಾದರೆ, ಹೋದರೂ ತಡೆದುಕೊಳ್ಳುವಷ್ಟು ಹಣ ಮಾತ್ರ ಹಾಕಿ. ಮಗಳ ಕಾಲೇಜಿಗೆ ಇಟ್ಟ ಹಣವನ್ನಂತೂ ಖಂಡಿತ ಬೇಡ.

ಚೈನಿನ ಅಧಿಕೃತ ಬ್ರಿಡ್ಜ್

ಆರ್ಬಿಟ್ರಮ್, ಆಪ್ಟಿಮಿಸಮ್, ಬೇಸ್ ಇವೆಲ್ಲ ಇಥೀರಿಯಂನ ಮೇಲೆ ಕಟ್ಟಿದ ರೋಲಪ್‌ಗಳು, ಅಂದರೆ ವ್ಯವಹಾರ ತಮ್ಮಲ್ಲಿ ನಡೆಸಿ ಲೆಕ್ಕವನ್ನು ಇಥೀರಿಯಂಗೆ ಒಪ್ಪಿಸುವ ಚೈನುಗಳು. ಇವುಗಳಿಗೆ ತಮ್ಮದೇ ಬ್ರಿಡ್ಜ್ ಇದೆ. ಇಲ್ಲಿ ಸಾಕ್ಷಿ ಹೇಳಲು ಹೊರಗಿನ ಐದು ಜನ ಬೇಕಾಗಿಲ್ಲ. ಲೆಕ್ಕ ಇಥೀರಿಯಂನಲ್ಲೇ ದಾಖಲಾಗುತ್ತದೆ, ತಪ್ಪು ಲೆಕ್ಕ ಕೊಟ್ಟರೆ ಪ್ರಶ್ನಿಸಲು ಅವಕಾಶ ಇರುತ್ತದೆ. ಆ ಅವಕಾಶಕ್ಕಾಗಿಯೇ ಇಥೀರಿಯಂಗೆ ವಾಪಸ್ ಬರುವಾಗ ಸುಮಾರು ಏಳು ದಿನ ಕಾಯಿಸುತ್ತಾರೆ. ಹೋಗುವಾಗ ಹತ್ತು ಹದಿನೈದು ನಿಮಿಷ, ಬರುವಾಗ ಒಂದು ವಾರ. ಝಡ್‌ಕೆ ರೋಲಪ್ ಎಂಬ ಇನ್ನೊಂದು ಬಗೆಯಲ್ಲಿ ಲೆಕ್ಕ ಸರಿ ಎನ್ನಲು ಗಣಿತದ ಪುರಾವೆಯೇ ಇರುವುದರಿಂದ ಅಷ್ಟು ಕಾಯಬೇಕಾಗಿಲ್ಲ.

ಇಲ್ಲೂ ಅಪಾಯ ಇದೆ. ಕೋಡ್ ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದು ನೋಡಬೇಕು. ಆರ್ಬಿಟ್ರಮ್‌ನಲ್ಲಿ ಹನ್ನೆರಡು ಜನರ ಭದ್ರತಾ ಮಂಡಳಿ ಇದೆ, ತುರ್ತು ಬದಲಾವಣೆಗೆ ಒಂಬತ್ತು ಸಹಿ ಬೇಕು. ಪ್ರತಿ ರೋಲಪ್‌ನ ಸ್ಥಿತಿ ಎಲ್2ಬೀಟ್ ತಾಣದಲ್ಲಿ ಸಿಗುತ್ತದೆ. ಐದು ನಿಮಿಷ ಅದನ್ನು ಓದಿ.

ಒಂದು ಎಚ್ಚರಿಕೆ. 'ಅಧಿಕೃತ' ಎಂಬ ಪದವನ್ನು ಮಾತ್ರ ನಂಬಬೇಡಿ. ರೋನಿನ್ ಕೂಡ ಆ ಚೈನಿನ ಅಧಿಕೃತ ಬ್ರಿಡ್ಜೇ ಆಗಿತ್ತು. 2022ರ ಅಕ್ಟೋಬರ್‌ನಲ್ಲಿ ಬಿಎನ್‌ಬಿ ಚೈನಿನ ಸ್ವಂತ ಬ್ರಿಡ್ಜ್‌ನಲ್ಲಿ ಪುರಾವೆ ಪರಿಶೀಲನೆಯ ದೋಷದಿಂದ ಆ ಚೈನಿನ ನಾಣ್ಯವಾದ ಬಿಎನ್‌ಬಿ 20 ಲಕ್ಷ ಕೈಬಿಟ್ಟು ಹೋಯಿತು. ಇಡೀ ಚೈನನ್ನೇ ನಿಲ್ಲಿಸಿ ಹೆಚ್ಚಿನ ಭಾಗವನ್ನು ತಡೆಯಬೇಕಾಯಿತು. ರೋಲಪ್‌ನ ಬ್ರಿಡ್ಜ್ ಬೇರೆ, ತನ್ನದೇ ವ್ಯಾಲಿಡೇಟರ್ ಇರುವ ಸೈಡ್‌ಚೈನಿನ ಬ್ರಿಡ್ಜ್ ಬೇರೆ. ಹೆಸರು ಒಂದೇ ಆದರೂ ಸಾಕ್ಷಿ ಬೇರೆ.

ಸುಟ್ಟು ಹೊಸದು ಕೊಡುವುದು

ಯುಎಸ್‌ಡಿಸಿ ಹೊರಡಿಸುವ ಸರ್ಕಲ್ ಕಂಪನಿ 2023ರ ಏಪ್ರಿಲ್‌ನಲ್ಲಿ ಸಿಸಿಟಿಪಿ ಎಂಬ ವ್ಯವಸ್ಥೆ ತಂದಿತು. ಈಚೆ ನಿಮ್ಮ ಯುಎಸ್‌ಡಿಸಿಯನ್ನು ಸುಡುತ್ತಾರೆ, ಸರ್ಕಲ್ ದೃಢೀಕರಿಸುತ್ತದೆ, ಆಚೆ ಅಷ್ಟೇ ಅಸಲಿ ಯುಎಸ್‌ಡಿಸಿ ಹುಟ್ಟುತ್ತದೆ. ನಡುವೆ ದೊಡ್ಡ ಪೆಟ್ಟಿಗೆ ಇಲ್ಲ, ಕದಿಯಲು ಗುಡ್ಡೆ ಹಾಕಿದ ಹಣ ಇಲ್ಲ. ಆಚೆ ದಡದಲ್ಲಿ ಹಣ ಖಾಲಿಯಾಗುವ ಪ್ರಶ್ನೆಯೂ ಇಲ್ಲ. ನೂರು ಡಾಲರ್ ಆದರೂ ಲಕ್ಷ ಡಾಲರ್ ಆದರೂ ಸ್ಲಿಪೇಜ್, ಅಂದರೆ ಮೊತ್ತ ದೊಡ್ಡದಾದಾಗ ಬೆಲೆಯಲ್ಲಿ ಆಗುವ ಕಡಿತ, ಬರುವುದಿಲ್ಲ.

ಇಲ್ಲಿ ಸಾಕ್ಷಿ ಒಬ್ಬನೇ, ಸರ್ಕಲ್. ಆದರೆ ಯುಎಸ್‌ಡಿಸಿ ಹಿಡಿದುಕೊಂಡ ದಿನವೇ ನೀವು ಸರ್ಕಲ್ ಅನ್ನು ನಂಬಿದ್ದೀರಿ. ಹೊಸಬನೊಬ್ಬನನ್ನು ನಂಬುವ ಅಗತ್ಯ ಬರುವುದಿಲ್ಲ ಎನ್ನುವುದೇ ಇದರ ದೊಡ್ಡ ಗುಣ. ಹಾಗೆಂದು ಆ ನಂಬಿಕೆಗೆ ಅಪಾಯವೇ ಇಲ್ಲ ಎಂದಲ್ಲ. 2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ ಸರ್ಕಲ್‌ನ 330 ಕೋಟಿ ಡಾಲರ್ ಅಲ್ಲಿ ಸಿಕ್ಕಿಬಿದ್ದಿತ್ತು. ಯುಎಸ್‌ಡಿಸಿ ಎರಡು ದಿನ 90 ಸೆಂಟಿಗಿಂತ ಕೆಳಗೂ ಹೋಗಿ ಬಂತು. ಬೇಕೆಂದರೆ ಒಂದು ವಿಳಾಸವನ್ನು ಸ್ತಂಭನ ಮಾಡುವ ಅಧಿಕಾರವೂ ಸರ್ಕಲ್‌ಗೆ ಇದೆ.

ಉಪ್ಪಳದ ಗೆಳೆಯನಿಗೆ ಇದೇ ಸಾಕು. ಬೇಸ್ ಮತ್ತು ಸೊಲಾನಾ ಎರಡೂ ಇದರಲ್ಲಿವೆ. ಆಚೆ ಸೊಲಾನಾ ವಾಲೆಟ್‌ನಲ್ಲಿ ಗ್ಯಾಸ್‌ಗೆ, ಅಂದರೆ ಚೈನಿನ ವ್ಯವಹಾರ ಶುಲ್ಕಕ್ಕೆ, ಅಲ್ಲಿನ ನಾಣ್ಯ ಸೋಲ್ ಚೂರು ಇಟ್ಟುಕೊಳ್ಳಲು ಮಾತ್ರ ಹೇಳಿದೆ. ಇಲ್ಲದಿದ್ದರೆ ಹಣ ಬಂದರೂ ಅಲುಗಾಡಿಸಲು ಆಗುವುದಿಲ್ಲ.

ಪೂಲ್ ಮತ್ತು ರಿಲೇಯರ್

ಸ್ಟಾರ್‌ಗೇಟ್ ಥರದ ಬ್ರಿಡ್ಜ್‌ಗಳು ಪ್ರತಿ ಚೈನಿನಲ್ಲೂ ಅಸಲಿ ನಾಣ್ಯದ ಪೂಲ್ ಇಟ್ಟಿರುತ್ತವೆ. ಈಚೆಯ ಪೂಲ್‌ಗೆ ಹಾಕುತ್ತೀರಿ, ಆಚೆಯ ಪೂಲ್‌ನಿಂದ ತೆಗೆಯುತ್ತೀರಿ. ಚೀಟಿಯ ಕಾಟ ಇಲ್ಲ. ಬದಲಿಗೆ ಚಿಲ್ಲರೆಯ ಸಮಸ್ಯೆ ಬರುತ್ತದೆ. ಎಲ್ಲರೂ ಒಂದೇ ಕಡೆಗೆ ಓಡಿದಾಗ ಆಚೆಯ ಗಲ್ಲಾಪೆಟ್ಟಿಗೆ ಖಾಲಿಯಾಗುತ್ತದೆ. ಆಗ ಶುಲ್ಕ ಏರುತ್ತದೆ, ಇಲ್ಲವೇ ಕಾಯಬೇಕಾಗುತ್ತದೆ. ಈಚೆ ಹಣ ಬಂತು ಎಂಬ ಸಂದೇಶವನ್ನು ಆಚೆಗೆ ಸಾಗಿಸುವ ವ್ಯವಸ್ಥೆಯ ಮೇಲೂ ನಂಬಿಕೆ ಇಡಬೇಕು.

ಅಕ್ರಾಸ್ ಥರದ ರಿಲೇಯರ್ ಬ್ರಿಡ್ಜ್ ಇನ್ನೊಂದು ರೀತಿ. ಮಂಗಳೂರಿನ ಅಂಗಡಿಯಲ್ಲಿ ನಿಮ್ಮ ಪರವಾಗಿ ಭಾವ ತನ್ನ ಕೈಯಿಂದ ಹಣ ಕೊಟ್ಟುಬಿಡುತ್ತಾನೆ, ಆಮೇಲೆ ಕುಂಬಳೆಗೆ ಬಂದಾಗ ನಿಮ್ಮಿಂದ ವಸೂಲು ಮಾಡುತ್ತಾನೆ. ಹಾಗೆಯೇ ಇಲ್ಲಿ ರಿಲೇಯರ್ ತನ್ನ ಸ್ವಂತ ಹಣವನ್ನು ಆಚೆ ಮೊದಲೇ ಕೊಡುತ್ತಾನೆ. ನೀವು ಈಚೆ ಕಟ್ಟಿದ್ದು ನಿಜವೇ ಎಂದು ಪರಿಶೀಲನೆಯಾದ ಮೇಲೆ ಅವನಿಗೆ ಹಣ ಸಿಗುತ್ತದೆ. ಕಾಯುವ ಅಪಾಯ ಅವನ ತಲೆ ಮೇಲೆ. ನಿಮಗೆ ಒಂದೆರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಯಾರೂ ಮುಂದೆ ಬರದಿದ್ದರೆ ಅವಧಿ ಮುಗಿದ ಮೇಲೆ ಹಣ ವಾಪಸ್ ಬರುತ್ತದೆ. ಸಣ್ಣ ಮೊತ್ತಕ್ಕೆ ನನ್ನ ಮೊದಲ ಆಯ್ಕೆ ಇದೇ. ದೊಡ್ಡ ಮೊತ್ತಕ್ಕೆ ಮಾತ್ರ ರಿಲೇಯರ್ ಕೈಯಲ್ಲಿ ಅಷ್ಟು ಹಣ ಇರಬೇಕು, ಶುಲ್ಕವೂ ಮೊತ್ತದ ಜೊತೆ ಬೆಳೆಯುತ್ತದೆ.

ಲಿಕ್ವಿಡಿಟಿ (ಬೇಕಾದಾಗ ಹಣ ಕೈಗೆ ಸಿಗುವುದು) ಎಂದರೇನು ಎಂದು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದರು, ಒಳರಸ್ತೆಗಳಿಗೆ ಮಣ್ಣು ಸುರಿದರು. ದಿನಾ ಬಸ್ಸಿನಲ್ಲಿ ಯೋಚನೆಯೇ ಇಲ್ಲದೆ ಹೋಗುತ್ತಿದ್ದ ದಾರಿ ಅದು. ಮಂಗಳೂರಿನ ಆಸ್ಪತ್ರೆಗೆ ಹೋಗಲೇಬೇಕಾದವರು ಆಂಬುಲೆನ್ಸ್‌ನಲ್ಲೇ ನಿಂತರು. ಮಂಜೇಶ್ವರದ ಕಡೆಯವರು ಅದನ್ನು ಮರೆತಿಲ್ಲ. ಬ್ರಿಡ್ಜ್‌ನ ಹಣವೂ ಹಾಗೆಯೇ. ಸುಮ್ನೆ ಇರುವ ದಿನ ಎಲ್ಲ ದಾರಿಯೂ ತೆರೆದಿರುತ್ತದೆ. ಬೆಲೆ ಕುಸಿದು ಎಲ್ಲರೂ ಓಡುವ ದಿನವೇ ಪೂಲ್ ಖಾಲಿಯಾಗುತ್ತದೆ, ಬ್ರಿಡ್ಜ್ ನಡೆಸುವವರು ವ್ಯವಹಾರ ನಿಲ್ಲಿಸುವ ಬಟನ್ ಒತ್ತುತ್ತಾರೆ. ಆದ್ದರಿಂದ ಹೋಗುವ ಮೊದಲೇ ವಾಪಸ್ ಬರಲು ಎರಡು ಬೇರೆ ಬೇರೆ ದಾರಿ ಇದೆಯಾ ಎಂದು ನೋಡಿಕೊಳ್ಳಿ.

ಎಕ್ಸ್‌ಚೇಂಜ್ ಮೂಲಕ

ಬ್ರಿಡ್ಜೇ ಬೇಡ, ಒಂದು ಚೈನಿನಲ್ಲಿ ಎಕ್ಸ್‌ಚೇಂಜ್‌ಗೆ ಹಾಕಿ ಇನ್ನೊಂದು ಚೈನಿನಲ್ಲಿ ತೆಗೆಯುವುದು. ಹೊಸಬರಿಗೆ ಇದು ಸುಲಭ, ಎಷ್ಟೋ ಸಲ ಅಗ್ಗವೂ ಹೌದು. ಹಣ ಅಲ್ಲಿರುವಷ್ಟು ಹೊತ್ತು ಕೀ ಅವರ ಕೈಯಲ್ಲಿ. 2024ರ ಜುಲೈಯಲ್ಲಿ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಕಳವಾಯಿತು, ಕ್ರಿಪ್ಟೋ ತೆಗೆಯಲು ಜನ ಒಂದು ವರ್ಷಕ್ಕಿಂತ ಜಾಸ್ತಿ ಕಾದರು. ಹಾಗಾಗಿ ಹಾಕಿ, ಬದಲಿಸಿ, ಅದೇ ದಿನ ಹೊರಗೆ ತೆಗೆಯಿರಿ.

ನಾನೂ ಇಲ್ಲೇ ಪೆಟ್ಟು ತಿಂದೆ. 2023ರ ಕೊನೆಯಲ್ಲಿ ಆರ್ಬಿಟ್ರಮ್‌ನಿಂದ ಒಂದು ಎಕ್ಸ್‌ಚೇಂಜ್‌ಗೆ 400 ಡಾಲರ್ ಕಳಿಸಿದೆ. ವಿಳಾಸ ಸರಿ, ಚೈನ್ ಸರಿ, ವಾಲೆಟ್‌ನಲ್ಲಿ 'ಯಶಸ್ವಿ' ಎಂದು ಬಂತು. ಎಕ್ಸ್‌ಚೇಂಜ್‌ನಲ್ಲಿ ಮಾತ್ರ ಏನೂ ಕಾಣಲಿಲ್ಲ. ರಾತ್ರಿ ಹನ್ನೊಂದರವರೆಗೆ ಪುಟವನ್ನು ಮತ್ತೆ ಮತ್ತೆ ತೆರೆದು ನೋಡಿದೆ. ಕೊನೆಗೆ ಟೋಕನ್‌ನ ಕಾಂಟ್ರಾಕ್ಟ್ ವಿಳಾಸ (ಚೈನಿನಲ್ಲಿ ಆ ಟೋಕನ್‌ನ ಗುರುತು) ತೆಗೆದು ಅಕ್ಷರ ಅಕ್ಷರ ಹೋಲಿಸಿದಾಗ ಗೊತ್ತಾಯಿತು, ನಾನು ಕಳಿಸಿದ್ದು ಯುಎಸ್‌ಡಿಸಿ ಅಲ್ಲ, ಯುಎಸ್‌ಡಿಸಿ.ಇ. ಹಿಂದೆ ಇಥೀರಿಯಂನಿಂದ ಬ್ರಿಡ್ಜ್ ಮೂಲಕ ಬಂದದ್ದಕ್ಕೆ ಆ ಹೆಸರು. 2023ರ ಜೂನ್‌ನಿಂದ ಆರ್ಬಿಟ್ರಮ್‌ನಲ್ಲಿ ಸರ್ಕಲ್‌ನ ಅಸಲಿ ಯುಎಸ್‌ಡಿಸಿ ಬೇರೆಯೇ ಇದೆ. ಆ ಎಕ್ಸ್‌ಚೇಂಜ್ ಅಸಲಿಯನ್ನು ಮಾತ್ರ ತೆಗೆದುಕೊಳ್ಳುತ್ತಿತ್ತು. ಕಡಿಮೆ ದರ್ಜೆಯ ಪಟೋರ ಅಡಿಕೆ ತುಂಬಿದ ಗೋಣಿಯನ್ನು ಚಾಲಿ ಎಂದು ತೂಕಕ್ಕೆ ಇಟ್ಟ ಹಾಗಾಯಿತು. ಹಣ ವಾಪಸ್ ಬರಲು ಮೂರು ವಾರ ಹಿಡಿಯಿತು, ಅದಕ್ಕೊಂದು ಶುಲ್ಕವೂ ಕಟ್ಟಿದೆ. ಅಂದಿನಿಂದ ಹೆಸರು ನೋಡಿ ಕಳಿಸುವುದನ್ನು ಬಿಟ್ಟೆ. ಕಾಂಟ್ರಾಕ್ಟ್ ವಿಳಾಸದ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡದೆ ಏನನ್ನೂ ಕಳಿಸುವುದಿಲ್ಲ.

ಮೊತ್ತ ನೋಡಿ ನಿರ್ಧಾರ

ಹತ್ತು ಸಾವಿರ ರೂಪಾಯಿಯ ಒಳಗೆ ಆದರೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬೇಗ ಆಗುವ, ಆಚೆ ಅಸಲಿ ನಾಣ್ಯ ಕೊಡುವ ರಿಲೇಯರ್ ಬ್ರಿಡ್ಜ್ ಸಾಕು. ಯುಎಸ್‌ಡಿಸಿ ಆದರೆ ಮೊತ್ತ ಎಷ್ಟೇ ಇರಲಿ, ಸಿಸಿಟಿಪಿ ಇರುವ ಕಡೆ ಬೇರೆ ದಾರಿ ಹುಡುಕಬೇಕಾಗಿಲ್ಲ. ಈಥರ್ ಆಗಿದ್ದು ಲಕ್ಷಗಳಲ್ಲಿ ಇದ್ದರೆ, ಅವಸರವೂ ಇಲ್ಲದಿದ್ದರೆ, ರೋಲಪ್‌ನ ಸ್ವಂತ ಬ್ರಿಡ್ಜ್. ಅವಸರ ಇದ್ದರೆ ಮೊತ್ತವನ್ನು ಮೂರು ನಾಲ್ಕು ಪಾಲು ಮಾಡಿ ರಿಲೇಯರ್ ಮೂಲಕ ಕಳಿಸಬಹುದು, ಗ್ಯಾಸ್ ಸ್ವಲ್ಪ ಜಾಸ್ತಿ ಬೀಳುತ್ತದೆ. ಚೀಟಿ ಕೊಡುವ ಬ್ರಿಡ್ಜ್ ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಆಚೆ ತಲುಪಿದ ಕೂಡಲೇ ಆ ಚೈನಿನ ಸ್ವಂತ ನಾಣ್ಯಕ್ಕೆ ಬದಲಿಸಿಕೊಳ್ಳುವ ಹಾಗಿದ್ದರೆ.

ಯಾವ ದಾರಿಯಾದರೂ ಮೊದಲು ಚೂರು ಕಳಿಸಿ ನೋಡಿ. ಬ್ರಿಡ್ಜ್‌ನ ತಾಣವನ್ನು ಹುಡುಕಿ ತೆರೆಯಬೇಡಿ, ಮೇಲೆ ಬರುವ ಜಾಹೀರಾತಿನಲ್ಲಿ ನಕಲಿ ತಾಣಗಳಿರುತ್ತವೆ. ಯೋಜನೆಯ ಅಧಿಕೃತ ದಾಖಲೆಯಿಂದ ತೆರೆದು ಬುಕ್‌ಮಾರ್ಕ್ ಮಾಡಿಡಿ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಬ್ರಿಡ್ಜ್ ಬಳಸುವಾಗ ವಾಲೆಟ್ 'ಅಪ್ರೂವಲ್', ಅಂದರೆ ನಿಮ್ಮ ಟೋಕನ್ ತೆಗೆಯಲು ಬ್ರಿಡ್ಜ್‌ಗೆ ಅನುಮತಿ, ಕೇಳುತ್ತದೆ. ಎಷ್ಟೋ ಸಲ ಅದು ಮಿತಿಯೇ ಇಲ್ಲದ ಅನುಮತಿ. ಹಲವು ಬ್ರಿಡ್ಜ್‌ಗಳನ್ನು ಒಟ್ಟಿಗೆ ತೋರಿಸುವ ಲಿ.ಫೈ ಎಂಬ ವ್ಯವಸ್ಥೆಯಲ್ಲಿ 2024ರ ಜುಲೈಯಲ್ಲಿ ದೋಷ ಸಿಕ್ಕಿದಾಗ ಹಣ ಕಳೆದುಕೊಂಡವರು ಹಿಂದೆಂದೋ ಮಿತಿಯಿಲ್ಲದ ಅನುಮತಿ ಕೊಟ್ಟು ಮರೆತಿದ್ದವರು. ಒಂದು ಕೋಟಿ ಡಾಲರ್‌ಗೂ ಹೆಚ್ಚು ಹೋಯಿತು. ರೋನಿನ್‌ನಲ್ಲಿ ಆದದ್ದೂ ಅದೇ ಅಲ್ವಾ, ಕೊಟ್ಟ ಅನುಮತಿ ವಾಪಸ್ ತೆಗೆಯದೆ ಬಿಟ್ಟದ್ದು. ಬೇಕಾದಷ್ಟೇ ಮೊತ್ತಕ್ಕೆ ಅನುಮತಿ ಕೊಡಿ, ಕೆಲಸ ಮುಗಿದ ಮೇಲೆ ರದ್ದು ಮಾಡಿ.

ತೆರಿಗೆಯ ಲೆಕ್ಕವನ್ನೂ ಇಟ್ಟುಕೊಳ್ಳಿ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ ಇದೆ, ಆ ವರ್ಷ ಜುಲೈಯಿಂದ ಮಾರಾಟದ ಮೇಲೆ 1% ಟಿಡಿಎಸ್. ಒಂದು ಟೋಕನ್‌ನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಪ್ರತಿ ದಾಟುವಿಕೆಯ ದಿನಾಂಕ, ಮೊತ್ತ, ಎರಡೂ ಚೈನಿನ ಟ್ರಾನ್ಸಾಕ್ಷನ್ ಸಂಖ್ಯೆ ಬರೆದಿಡಿ. ವರ್ಷದ ಕೊನೆಗೆ ಹುಡುಕಲು ಕೂತರೆ ಒಂದೂ ಸಿಗುವುದಿಲ್ಲ.

ಪೆರ್ಲದ ಹುಡುಗ ಆರ್ಬಿಟ್ರಮ್‌ನ ಸ್ವಂತ ಬ್ರಿಡ್ಜ್ ಆರಿಸಿಕೊಂಡ. ಮೊದಲು ಸಾವಿರ ರೂಪಾಯಿಯಷ್ಟು ಕಳಿಸಿ, ಅದು ಬಂದ ಮೇಲೆ ಉಳಿದದ್ದನ್ನು ಹಾಕಿದ. ಏಳು ದಿನ ಆದ ಮೇಲೆ ಹಣ ತಾನಾಗಿ ಬರುವುದಿಲ್ಲ, ಇಥೀರಿಯಂ ಕಡೆ ಹೋಗಿ ಕ್ಲೇಮ್ ಮಾಡಬೇಕು, ಅದಕ್ಕೆ ಅಲ್ಲೇ ಗ್ಯಾಸ್ ಬೇಕು ಎಂದು ಹೇಳಿಕೊಟ್ಟೆ. ಅದಕ್ಕೆಂದು ಸ್ವಲ್ಪ ಈಥರ್ ಬೇರೆ ತೆಗೆದಿಟ್ಟಿದ್ದಾನೆ. ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಬರುವ ಗುರುವಾರಕ್ಕೆ ಪೆನ್ನಿನಲ್ಲಿ ಗುರುತು ಹಾಕಿ ಅದರ ಫೋಟೋ ನಿನ್ನೆ ಕಳಿಸಿದ.